ಬಂಡೆಯಿಂದ ಬಿಲ್ಲೆಗೆ

ಹಂಪೆಯ ಮಾತಂಗ ಪರ್ವತವನ್ನು ಏರಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಗುಡಿಗೋಪುರಗಳಲ್ಲ, ಬಂಡೆಗಳು. ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಬಂಡೆಗಳನ್ನು ಜನರು ವಾಲಿ ಸುಗ್ರೀವರ ಕಥೆಯೊಡನೆ ಹೆಣೆದಿದ್ದಾರೆ. ವಿಜಯನಗರದ ಕಲ್ಲುಕುಟಿಗರು ಇದೇ ಕಲ್ಲನ್ನು ಸೀಳಿ ಕಂಬಗಳನ್ನು ಕಡೆದರು. ಸೀಳುವುದಕ್ಕಾಗಿ ಅವರು ಸಾಲಾಗಿ ಕೊರೆದ ಗುಳಿಗಳು ಇಂದಿಗೂ ಅನೇಕ ಬಂಡೆಗಳ ಅಂಚಿನಲ್ಲಿ ಉಳಿದಿವೆ. ಆ ಕಲ್ಲಿನ ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಗಾಜಿನಂತೆ ಮಿನುಗುವ ಹರಳುಗಳು ಕಾಣುತ್ತವೆ. ಅವು ಬೆಣಚು. ಸಿಲಿಕಾನ್ ಎಂಬ ಮೂಲವಸ್ತು ಆಮ್ಲಜನಕದೊಡನೆ ಸಂಯೋಗ ಹೊಂದಿ ಬೆಣಚಾಗಿದೆ. ರೇಡಿಯೋ, ದೂರವಾಣಿ, ಗಣಕಯಂತ್ರಗಳ ಒಳಗೆ ಕುಳಿತು ಕೆಲಸ ಮಾಡುವ ಪುಟ್ಟ ಸಾಧನಗಳು ಬಹುಮಟ್ಟಿಗೆ ಆ ಸಿಲಿಕಾನಿನಿಂದಲೇ ಆದವು.

ಭೂಮಿಯ ಹೊರಪದರದ ತೂಕದಲ್ಲಿ ನಾಲ್ಕನೆಯ ಒಂದು ಪಾಲಿಗೂ ಮಿಕ್ಕಿ ಸಿಲಿಕಾನ್ ಇದೆ. ಆದುದರಿಂದ ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಪಟ್ಟೆಗಳ ನಡುನಡುವೆ ಸಿಲಿಕಾದ ಪಟ್ಟೆಗಳಿವೆ. ಕಂಪ್ಲಿಯ ಹೊಲಗಳಲ್ಲಿ ಕಬ್ಬಿನ ಗರಿ ಕೈಯನ್ನು ಕೊಯ್ಯುವುದಕ್ಕೆ ಅದರ ಅಂಚಿನಲ್ಲಿರುವ ಸಿಲಿಕಾ ಒಂದು ಕಾರಣ. ಭತ್ತದ ಸಸಿಯೂ ಮಣ್ಣಿನಿಂದ ಸಿಲಿಕಾವನ್ನು ಹೀರಿಕೊಂಡು ಹೊಟ್ಟಿನಲ್ಲಿ ಕೂಡಿಡುತ್ತದೆ. ಅಕ್ಕಿ ಗಿರಣಿಯ ಹಿಂದೆ ಸುಟ್ಟ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾವೇ. ಹೊಸಪೇಟೆಗೆ ಸಮೀಪದ ವ್ಯಾಸನಕೆರೆಯ ಕಾರ್ಖಾನೆಯಲ್ಲಿ ಸಿಲಿಕಾನನ್ನು ಮ್ಯಾಂಗನೀಸಿನೊಡನೆ ಬೆರೆಸಿ ಮಿಶ್ರಲೋಹವನ್ನು ತಯಾರಿಸುತ್ತಾರೆ. ಅದು ಉಕ್ಕನ್ನು ತಯಾರಿಸುವವರಿಗೆ ಬೇಕಾದ ವಸ್ತು.

ಇಷ್ಟು ಹೇರಳವಾಗಿ ದೊರೆಯುವ ಪದಾರ್ಥದಿಂದ ಟ್ರಾನ್ಸಿಸ್ಟರನ್ನು ಮಾಡಲು ಅಷ್ಟೊಂದು ಕಷ್ಟವೇಕೆ? ಅದರ ಉತ್ತರವೆಲ್ಲ ಶುದ್ಧತೆ ಎಂಬ ಒಂದೇ ಮಾತಿನಲ್ಲಿ ಅಡಗಿದೆ.

ಬೆಣಚನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದಾಗ ಇಂಗಾಲವು ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಸಿಲಿಕಾನ್ ಉಳಿಯುತ್ತದೆ. ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣ ಮೊದಲಾದ ಕಲ್ಮಶಗಳಿರುತ್ತವೆ. ಉಕ್ಕಿನ ಕೆಲಸಕ್ಕೆ ಇಷ್ಟು ಸಾಕು. ಅರೆವಾಹಕ ಸಾಧನಕ್ಕಾದರೋ ನೂರು ಕೋಟಿಗೆ ಒಂದು ಪಾಲಿಗಿಂತ ಹೆಚ್ಚು ಕಲ್ಮಶವಿರಬಾರದು. ನೂರು ಕೋಟಿ ಭತ್ತದ ಕಾಳುಗಳು ಸುಮಾರು 25 ಟನ್ನು ತೂಗುತ್ತವೆ. ಕಂಪ್ಲಿಯಿಂದ ಹೊರಟ ಅಷ್ಟೂ ಭತ್ತದಲ್ಲಿ ಹುಡುಕಿದರೆ ಒಂದು ಹರಳುಕಲ್ಲಿಗಿಂತ ಹೆಚ್ಚು ಸಿಕ್ಕಬಾರದು ಎಂದಂತಾಯಿತು. ಇಂತಹ ಶುದ್ಧಿಯನ್ನು ಜರಡಿಯಿಂದಾಗಲಿ ತೊಳೆಯುವುದರಿಂದಾಗಲಿ ಸಾಧಿಸಲಾಗದು. ರಸಾಯನಶಾಸ್ತ್ರಜ್ಞರು ಒರಟು ಸಿಲಿಕಾನನ್ನು ಹೈಡ್ರೊಕ್ಲೋರಿಕ್ ಆಮ್ಲದ ಅನಿಲದೊಡನೆ ವರ್ತಿಸುವಂತೆ ಮಾಡಿ ಟ್ರೈಕ್ಲೋರೊಸಿಲೇನ್ ಎಂಬ ದ್ರವವನ್ನು ಪಡೆಯುತ್ತಾರೆ. ಅದು ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಎಂದರೆ ಹೊಸಪೇಟೆಯ ಬೇಸಗೆಯ ಬಿಸಿಗೇ ಕುದಿಯತೊಡಗುತ್ತದೆ. ಅದನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದಂತೆ ಕಲ್ಮಶಗಳು ಹಿಂದುಳಿಯುತ್ತವೆ. ಬಳಿಕ ಆ ಆವಿಯನ್ನು ಜಲಜನಕದೊಡನೆ ಕೆಂಪಗೆ ಕಾದ ಸಿಲಿಕಾನ್ ಕಡ್ಡಿಗಳ ಮೇಲೆ ಹಾಯಿಸಿದಾಗ ಶುದ್ಧ ಸಿಲಿಕಾನ್ ಕಡ್ಡಿಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ. ಆರ್. ವಾಸುದೇವಮೂರ್ತಿಯವರು ಈ ದಾರಿಯಲ್ಲಿ ಶ್ರಮಿಸಿ, ದೇಶದಲ್ಲಿಯೇ ಶುದ್ಧ ಸಿಲಿಕಾನನ್ನು ತಯಾರಿಸುವ ವಿಧಾನವನ್ನು ರೂಪಿಸಿದರು. 1980ರ ದಶಕದಲ್ಲಿ ತಮಿಳುನಾಡಿನ ಮೆಟ್ಟೂರಿನಲ್ಲಿ ಆ ವಿಧಾನದ ಆಧಾರದ ಮೇಲೆ ಒಂದು ಕಾರ್ಖಾನೆಯೂ ನಡೆಯಿತು.

ಹೀಗೆ ದೊರೆತ ಸಿಲಿಕಾನನ್ನು 1414 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸುತ್ತಾರೆ. ಕರಗಿದ ದ್ರವಕ್ಕೆ ಒಂದು ಪುಟ್ಟ ಬೀಜಸ್ಫಟಿಕವನ್ನು ಮುಟ್ಟಿಸಿ, ತಿರುಗಿಸುತ್ತ ನಿಧಾನವಾಗಿ ಮೇಲಕ್ಕೆಳೆದರೆ ಕಂಬದಂತಹ ಒಂದೇ ಹರಳು ಬೆಳೆಯುತ್ತದೆ. ಅದನ್ನು ಅರ್ಧ ಮಿಲಿಮೀಟರಿನಷ್ಟು ತೆಳ್ಳಗೆ ಕೊಯ್ದು ಕನ್ನಡಿಯಂತೆ ನಯಗೊಳಿಸುತ್ತಾರೆ. ಇದೇ ಸಿಲಿಕಾನ್ ಬಿಲ್ಲೆ. ಪ್ರಯೋಗಶಾಲೆಯ ಕೆಲಸ ಈ ಬಿಲ್ಲೆಯಿಂದ ತೊಡಗುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೊ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಕೇಂದ್ರವೊಂದು ಸ್ಥಾಪನೆಯಾಯಿತು. ಅಲ್ಲಿನ ಶುದ್ಧಕೋಣೆಯನ್ನು ಪ್ರವೇಶಿಸುವವರು ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪನ್ನು ತೊಟ್ಟು, ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಇದು ಶಸ್ತ್ರಚಿಕಿತ್ಸೆಯ ಕೋಣೆಯ ಪದ್ಧತಿಯಂತೆ ಕಂಡರೂ ಉದ್ದೇಶ ಬೇರೆ. ಇಲ್ಲಿ ರಕ್ಷಿಸಬೇಕಾದುದು ಬಿಲ್ಲೆಯನ್ನು, ಮನುಷ್ಯನಿಂದ. ನಮ್ಮ ಚರ್ಮದಿಂದಲೂ ಕೂದಲಿನಿಂದಲೂ ಕಣಗಳು ಸದಾ ಉದುರುತ್ತಿರುತ್ತವೆ. ಅತ್ಯಂತ ಶುದ್ಧವಾದ ಭಾಗದಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನಿನ ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರನ್ನು ಮೀರಬಾರದು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಹೊರಗಿನ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಅಂತಹ ಕಣಗಳು ಲಕ್ಷಗಟ್ಟಲೆ ಇರುತ್ತವೆ. ಅದಿರಿನ ಲಾರಿಗಳು ಓಡಾಡಿದ ಸಂಡೂರಿನ ರಸ್ತೆಯ ಕೆಂಪು ಧೂಳನ್ನು ನೆನೆದುಕೊಳ್ಳಿರಿ. ಆ ಧೂಳಿನಲ್ಲಿರುವ ಕಬ್ಬಿಣವು ನಮ್ಮ ಸೀಮೆಗೆ ಸಂಪತ್ತು; ಸಿಲಿಕಾನ್ ಸಾಧನಕ್ಕೆ ಅದೇ ವಿಷ. ಬಿಸಿಯಾದ ಸಿಲಿಕಾನಿನೊಳಗೆ ಕಬ್ಬಿಣದ ಪರಮಾಣುಗಳು ಬೇಗನೆ ಹರಡಿ, ವಿದ್ಯುತ್ತನ್ನು ಒಯ್ಯುವ ಕಣಗಳನ್ನು ದಾರಿಯಲ್ಲಿಯೇ ಹಿಡಿದುಬಿಡುತ್ತವೆ.

ಬೇಡದ ಕಲ್ಮಶವನ್ನು ಇಷ್ಟು ಕಷ್ಟಪಟ್ಟು ಹೊರಹಾಕಿದವರು ಮುಂದೆ ಬೇಕಾದ ಕಲ್ಮಶವನ್ನು ತಾವೇ ಸೇರಿಸುವುದು ಸೋಜಿಗವಲ್ಲವೆ? ಒಂದು ಕೋಟಿ ಸಿಲಿಕಾನ್ ಪರಮಾಣುಗಳಿಗೆ ಒಂದೇ ಒಂದು ಬೋರಾನ್ ಅಥವಾ ರಂಜಕದ ಪರಮಾಣುವನ್ನು ಸೇರಿಸಿದರೂ ವಿದ್ಯುತ್ತು ಹರಿಯುವ ಸುಲಭತೆ ಸಾವಿರಾರು ಪಾಲು ಹೆಚ್ಚುತ್ತದೆ. ಎಲ್ಲಿ ಯಾವುದನ್ನು ಎಷ್ಟು ಸೇರಿಸಬೇಕು ಎಂಬುದರಲ್ಲಿಯೇ ಸಾಧನದ ಗುಟ್ಟಿದೆ. ಇದಕ್ಕಾಗಿ ಮೊದಲು ಬಿಲ್ಲೆಯನ್ನು ಸುಮಾರು ಸಾವಿರ ಡಿಗ್ರಿ ಶಾಖದ ಕುಲುಮೆಯಲ್ಲಿ ಆಮ್ಲಜನಕಕ್ಕೆ ಒಡ್ಡುತ್ತಾರೆ. ಅದರ ಮೈಮೇಲೆ ಸಿಲಿಕಾದ ತೆಳುಪೊರೆ ಹುಟ್ಟುತ್ತದೆ. ಬೆಣಚಿನಿಂದ ಬಿಡಿಸಿ ತಂದ ಸಿಲಿಕಾನ್ ಮತ್ತೆ ಆಮ್ಲಜನಕವನ್ನು ಕೂಡಿಕೊಂಡಿತು. ಈ ಪೊರೆ ವಿದ್ಯುತ್ತನ್ನು ಒಯ್ಯುವುದಿಲ್ಲ, ನೀರಿಗೆ ಕರಗುವುದಿಲ್ಲ. 1947ರಲ್ಲಿ ಮೊದಲ ಟ್ರಾನ್ಸಿಸ್ಟರು ಜರ್ಮೇನಿಯಮ್ಮಿನಿಂದ ಆಯಿತಾದರೂ ಮುಂದೆ ಸಿಲಿಕಾನ್ ಅದನ್ನು ಹಿಂದಿಕ್ಕಿತು. ಜರ್ಮೇನಿಯಮ್ಮಿಗೆ ಇಂತಹ ಗಟ್ಟಿಯಾದ ಪೊರೆ ಇಲ್ಲದಿದ್ದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಪೊರೆಯ ಮೇಲೆ ಬೆಳಕಿಗೆ ಮಾರ್ಪಡುವ ಅಂಟುದ್ರವವನ್ನು ಸವರಿ, ನಕ್ಷೆಯಿರುವ ಗಾಜಿನ ಫಲಕದ ಮೂಲಕ ಬೆಳಕನ್ನು ಬಿಡುತ್ತಾರೆ. ರಂಗೋಲಿಯ ಅಚ್ಚಿನ ತೂತುಗಳಿಂದ ಪುಡಿ ಇಳಿದು ನೆಲದ ಮೇಲೆ ಚಿತ್ರ ಮೂಡುವಂತೆ ಇಲ್ಲಿ ಬೆಳಕಿನಿಂದ ಚಿತ್ರ ಮೂಡುತ್ತದೆ. ಆ ಅಂಟು ನೀಲಿ ಬೆಳಕಿಗೆ ಮಾರ್ಪಡುವುದರಿಂದ ಈ ಕೋಣೆಯ ದೀಪಗಳು ಹಳದಿ. ಚಿತ್ರ ಮೂಡಿದ ಕಡೆಗಳಲ್ಲಿ ಪೊರೆಯನ್ನು ಆಮ್ಲದಿಂದ ಕರಗಿಸಿ, ತೆರೆದ ಕಿಂಡಿಗಳಲ್ಲಿ ಬೋರಾನನ್ನೋ ರಂಜಕವನ್ನೋ ಒಳಹೊಗಿಸುತ್ತಾರೆ. ಮತ್ತೆ ಪೊರೆ, ಮತ್ತೆ ಚಿತ್ರ, ಮತ್ತೆ ಕಿಂಡಿ. ಕೊನೆಗೆ ಲೋಹದ ತಂತು.

ಒಂದು ಸಾಧನಕ್ಕೆ ಇಂತಹ 50 ಹಂತಗಳಿವೆಯೆಂದೂ, ಪ್ರತಿ ಹಂತದಲ್ಲಿಯೂ ನೂರಕ್ಕೆ 98 ಸರಿಯಾಗುತ್ತವೆಯೆಂದೂ ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ 98 ಅಂಕ ಬಂದರೆ ಯಾರು ತಾನೇ ಹಿಗ್ಗುವುದಿಲ್ಲ! ಆದರೆ 0.98ನ್ನು 50 ಸಲ ಗುಣಿಸಿ ನೋಡಿರಿ. ಕೊನೆಗೆ ನೂರರಲ್ಲಿ ಸುಮಾರು 36 ಮಾತ್ರ ಉಳಿಯುತ್ತವೆ. ಬಹಳಷ್ಟು ತಪ್ಪುಗಳು ಗೊತ್ತಾಗುವುದು ಎಲ್ಲ ಹಂತಗಳು ಮುಗಿದು, ಮೊನಚಾದ ಸೂಜಿಗಳನ್ನು ಊರಿ ವಿದ್ಯುತ್ತನ್ನು ಹಾಯಿಸಿದಾಗಲೇ. ಸಂಶೋಧನೆಯ ವರ್ಷವೊಂದು ಬಹುತೇಕ ಹೀಗೆಯೇ ಕಳೆಯುತ್ತದೆ: ಲೆಕ್ಕ ಹಾಕುವುದು, ನಕ್ಷೆ ಬರೆಯುವುದು, ವಾರಗಟ್ಟಲೆ ಬಿಲ್ಲೆಯನ್ನು ಸಂಸ್ಕರಿಸುವುದು, ಅಳೆಯುವುದು, ಎಲ್ಲಿ ಎಡವಿದೆವೆಂದು ಹಿಂದಿರುಗಿ ಹುಡುಕುವುದು. ವರ್ಷದ ಕೊನೆಯಲ್ಲಿ ಬರೆಯುವ ವರದಿಯಲ್ಲಿ ಗೆದ್ದ ಬಿಲ್ಲೆಯ ವಿವರವಷ್ಟೇ ಇರುವುದುಂಟು. ಸೋತ ಬಿಲ್ಲೆಗಳ ಪಟ್ಟಿಯನ್ನೂ ಅಷ್ಟೇ ವಿವರವಾಗಿ ಬರೆದಿಟ್ಟರೆ ಮುಂದೆ ಬರುವವರಿಗೆ ಹೆಚ್ಚು ಉಪಕಾರವಾದೀತೆಂದು ನನಗೆ ತೋರುತ್ತದೆ.

ಇಂತಹ ಪ್ರಯೋಗಶಾಲೆಯನ್ನು ಪ್ರತಿಯೊಂದು ಕಾಲೇಜಿನಲ್ಲಿಯೂ ಕಟ್ಟಲಾಗದು, ವೆಚ್ಚ ವಿಪರೀತ. ಅದಕ್ಕೆಂದೇ 2008ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಬೆಂಗಳೂರಿನ ಈ ಸಂಸ್ಥೆಯಲ್ಲಿಯೂ ಮುಂಬಯಿಯ ಐ.ಐ.ಟಿ.ಯಲ್ಲಿಯೂ ಒಂದು ಯೋಜನೆ ಆರಂಭವಾಯಿತು. ಅದರ ಮೂಲಕ ದೂರದ ಊರುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಂದು ತರಬೇತಿ ಪಡೆದು, ತಮ್ಮ ಯೋಚನೆಯ ಸಾಧನವನ್ನು ತಾವೇ ತಯಾರಿಸಿ ನೋಡುವುದು ಸಾಧ್ಯವಾಯಿತು. ಕೈಯಿಂದ ಮಾಡಿ ಕಲಿತವರು ದೇಶದಲ್ಲಿ ಕಡಮೆಯಾದರೆ ಏನಾಗುತ್ತದೆಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಪಾಠವಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1967ರಲ್ಲಿಯೇ ಸಿಲಿಕಾನ್ ಸಾಧನಗಳ ತಯಾರಿಕೆಗೆ ಕೈಹಾಕಿತ್ತು. ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರವು ಕಟ್ಟಿದ ಅರೆವಾಹಕ ಕಾರ್ಖಾನೆ 1984ರಲ್ಲಿ ಕೆಲಸ ಆರಂಭಿಸಿತು. 1989ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಯಿತು. ಅದು ಮತ್ತೆ ಎದ್ದು ನಿಲ್ಲುವಷ್ಟರಲ್ಲಿ ಹೊರದೇಶಗಳು ಬಹಳ ಮುಂದೆ ಸಾಗಿದ್ದವು. ಈ ಕೈಗಾರಿಕೆಯನ್ನು ದೇಶದಲ್ಲಿ ಬೆಳೆಸಲು ಸರ್ಕಾರವು 76,000 ಕೋಟಿ ರೂಪಾಯಿಗಳ ದೊಡ್ಡ ಯೋಜನೆಯನ್ನು ಮಂಜೂರು ಮಾಡಿದ್ದು 2021ರ ಡಿಸೆಂಬರಿನಲ್ಲಿ.

ಇಷ್ಟೆಲ್ಲ ಶ್ರಮದಿಂದ ನಮ್ಮ ಊರಿಗೆ ಆಗುವುದೇನು? ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ಊದುಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಕುಲುಮೆಯಿಂದ ಹೊರಬರುವ ಅನಿಲದಲ್ಲಿಯೂ ಸುಮಾರು ಐದನೆಯ ಒಂದು ಪಾಲು ಅದೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡುವ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಸೇರಿದರೂ ಕೆಲವು ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ. ಅಂತಹ ಸ್ಥಳದಲ್ಲಿ ದುಡಿಯುವವನ ಮೂಗು ಅವನನ್ನು ಕಾಯಲಾರದು.

ಕಾಯಬಲ್ಲ ಸಾಧನಗಳಲ್ಲೊಂದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮಾಡಬಹುದು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ನವಕಾಂತ ಭಟ್ಟರು ಇಂತಹ ಅನಿಲ ಸಂವೇದಕಗಳ ಮೇಲೂ ರಕ್ತಪರೀಕ್ಷೆಯ ಪುಟ್ಟ ಸಾಧನಗಳ ಮೇಲೂ ನಡೆಸಿದ ಸಂಶೋಧನೆಗೆ 2018ರ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು. ಬಿಲ್ಲೆಯ ಹಿಂಬದಿಯನ್ನು ಕೊರೆದು ತಮಟೆಯ ಚರ್ಮದಂತೆ ಬಿಗಿಯಾದ ತೆಳುಪೊರೆಯನ್ನಷ್ಟೇ ಉಳಿಸಿ, ಅದರ ಮೇಲೆ ಸೂಕ್ಷ್ಮವಾದ ಕಾಯುತಂತಿಯನ್ನೂ ತವರದ ಆಕ್ಸೈಡಿನಂತಹ ಲೇಪವನ್ನೂ ಇಡುತ್ತಾರೆ. ಪೊರೆ ತೆಳ್ಳಗಿರುವುದರಿಂದ ಶಾಖ ಸುತ್ತಲೂ ಹರಿದುಹೋಗುವುದಿಲ್ಲ. ಅತ್ಯಲ್ಪ ವಿದ್ಯುತ್ತಿನಿಂದಲೇ ಲೇಪವು ಮುನ್ನೂರು ಡಿಗ್ರಿಯಷ್ಟು ಕಾಯುತ್ತದೆ. ಕಾದ ಲೇಪದ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದರ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದರೆ ಆ ಆಮ್ಲಜನಕವನ್ನು ಎತ್ತಿಕೊಂಡು ಹೋಗುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ಲೇಪಕ್ಕೆ ಮರಳುತ್ತವೆ, ವಿದ್ಯುತ್ ಪ್ರವಾಹ ಹೆಚ್ಚುತ್ತದೆ, ಗಂಟೆ ಬಾರಿಸುತ್ತದೆ.

ಆದರೆ ನೀರಿನ ಆವಿಯೂ ಇದೇ ಲೇಪವನ್ನು ಮುಟ್ಟಿ ಅಳತೆಯನ್ನು ಕೆಡಿಸುತ್ತದೆ. ವೈಶಾಖದ ಒಣಗಾಳಿಯಲ್ಲಿ ಸರಿಯಾಗಿ ಹೇಳಿದ ಸಂವೇದಕವು ಆಷಾಢದ ತೇವಗಾಳಿಯಲ್ಲಿ ತಪ್ಪು ಹೇಳಬಹುದು. ಆದುದರಿಂದ ಗೆದ್ದ ಬಿಲ್ಲೆಯನ್ನೂ ಸಂಶೋಧಕರು ಒಂದು ಪೆಟ್ಟಿಗೆಯಲ್ಲಿಟ್ಟು, ತೇವವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿಸಲವೂ ಅದು ಏನು ಹೇಳುತ್ತದೆಂದು ಬರೆದುಕೊಳ್ಳುತ್ತಾರೆ.