ಮಂದಗತಿಯ ಪಾಸಿಟ್ರಾನ್

ಲೋಹದ ತುಂಡೊಂದು ಹೊರನೋಟಕ್ಕೆ ಅಖಂಡವಾಗಿ ತೋರುತ್ತದೆ. ಆದರೆ ಅದರೊಳಗೆ ಸಾಲುಸಾಲಾಗಿ ನೆಲೆಗೊಂಡ ಪರಮಾಣುಗಳ ನಡುವೆ ಅಲ್ಲಲ್ಲಿ ಕೆಲವು ಸ್ಥಾನಗಳು ಬರಿದಾಗಿರುತ್ತವೆ. ಪರಮಾಣು ಸ್ಥಾವರದ ಲೋಹಭಾಗಗಳಲ್ಲಿ ನ್ಯೂಟ್ರಾನುಗಳ ಹೊಡೆತದಿಂದ ಇಂತಹ ತೆರವುಗಳು ಹೆಚ್ಚಿ ಒಂದುಗೂಡಿದರೆ, ಲೋಹವು ಉಬ್ಬಿ ದುರ್ಬಲವಾಗಬಹುದು. ಲೋಹವನ್ನು ಒಡೆಯದೆ ಈ ತೆರವುಗಳನ್ನು ಪತ್ತೆಹಚ್ಚುವುದು ಹೇಗೆ? ಈ ಕಾರ್ಯದಲ್ಲಿ ವಿಜ್ಞಾನಿಗಳಿಗೆ ನೆರವಾದ ಕಣವೇ ಪಾಸಿಟ್ರಾನ್.

ಪಾಸಿಟ್ರಾನಿನ ದ್ರವ್ಯರಾಶಿ ಎಲೆಕ್ಟ್ರಾನಿನಷ್ಟೇ. ವಿದ್ಯುದಂಶ ಮಾತ್ರ ಧನ. ಇಂತಹ ಕಣವೊಂದು ಇರಬೇಕೆಂದು ಇಂಗ್ಲೆಂಡಿನ ಪಾಲ್ ಡಿರಾಕ್ 1931ರಲ್ಲಿ ಸೂಚಿಸಿದರು. ಮರುವರ್ಷವೇ ಅಮೆರಿಕದ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ ಅಧ್ಯಯನದಲ್ಲಿ ಅದರ ಜಾಡನ್ನು ಕಂಡರು. ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಸಂಧಿಸಿದಾಗ ಎರಡೂ ಅಳಿದು ಗಾಮಾ ಕಿರಣಗಳು ಹೊಮ್ಮುತ್ತವೆ. ತೆರವಾದ ಸ್ಥಾನದಲ್ಲಿ ಎಲೆಕ್ಟ್ರಾನುಗಳು ವಿರಳ. ಆದುದರಿಂದ ಅಲ್ಲಿ ಸಿಕ್ಕಿಕೊಂಡ ಪಾಸಿಟ್ರಾನಿನ ಆಯುಷ್ಯ ತುಸು ಹೆಚ್ಚು. ಒಂದು ಸೆಕೆಂಡನ್ನು ಲಕ್ಷಕೋಟಿ ಭಾಗಗಳಾಗಿ ವಿಂಗಡಿಸಿದರೆ, ದೋಷವಿಲ್ಲದ ಅಲ್ಯೂಮಿನಿಯಂನಲ್ಲಿ ಅದು ಸುಮಾರು 160 ಭಾಗಗಳಷ್ಟು ಕಾಲ ಉಳಿಯುತ್ತದೆ. ತೆರವಿನಲ್ಲಿ ಸುಮಾರು 240 ಭಾಗಗಳಷ್ಟು. ಈ ಅಂತರವೇ ತೆರವಿನ ಸುಳಿವು.

ಆದರೆ ಒಂದು ತೊಡಕಿತ್ತು. ಸೋಡಿಯಂ-22ರಂತಹ ವಿಕಿರಣಶೀಲ ವಸ್ತುವಿನಿಂದ ಹೊರಡುವ ಪಾಸಿಟ್ರಾನುಗಳ ವೇಗ ಅತ್ಯಧಿಕ; ಅದೂ ಒಂದೇ ಸಮನಾಗಿರುವುದಿಲ್ಲ. ಅವು ತೆಳುವಾದ ಮೇಲ್ಪದರವನ್ನು ದಾಟಿ ಆಳಕ್ಕೆ ನುಗ್ಗುತ್ತವೆ. ಹೀಗಿರುವಾಗ ಮೇಲ್ಪದರದ ದೋಷವನ್ನು ಅರಿಯುವುದು ಅಸಾಧ್ಯ. ಅವುಗಳ ವೇಗವನ್ನು ಮೊದಲು ತಗ್ಗಿಸಬೇಕಾಗಿತ್ತು. 1958ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಚೆರಿ ಎಂಬವರು ಕ್ರೋಮಿಯಂ ಲೇಪಿಸಿದ ಅಭ್ರಕದಿಂದ ಮಂದಗತಿಯ ಪಾಸಿಟ್ರಾನುಗಳನ್ನು ಪಡೆದರು. ಆದರೆ ದೊರೆತದ್ದು ಹತ್ತು ಕೋಟಿಗೆ ಮೂರರಷ್ಟು ಮಾತ್ರ!

ಇಷ್ಟು ಅಲ್ಪ ಫಲಕ್ಕೆ ವಿಜ್ಞಾನಿಗಳು ಎದೆಗುಂದಲಿಲ್ಲ. 1972ರಲ್ಲಿ ಲಂಡನ್ನಿನಲ್ಲಿ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಬಳಸಿ ಲಕ್ಷಕ್ಕೆ ಕೆಲವನ್ನು ಪಡೆಯಲಾಯಿತು. ಟಂಗ್‌ಸ್ಟನ್ ಲೋಹವು ಇನ್ನೂ ಉತ್ತಮವೆನಿಸಿತು. ಅದರೊಳಗೆ ಶಕ್ತಿಗುಂದಿ ಮೇಲ್ಮೈಯನ್ನು ತಲುಪಿದ ಪಾಸಿಟ್ರಾನನ್ನು ಆ ಲೋಹವೇ ಹೊರದೂಡುತ್ತದೆ. 1986ರಲ್ಲಿ ಘನೀಭವಿಸಿದ ನಿಯಾನಿನಿಂದ ಸಾವಿರಕ್ಕೆ ಏಳರವರೆಗೆ ದೊರೆತವು.

ಹೀಗೆ ಪಡೆದ ಪಾಸಿಟ್ರಾನುಗಳನ್ನು ನಿರ್ವಾತ ಕೊಳವೆಯಲ್ಲಿ ಕಿರಣಪುಂಜವಾಗಿ ಸಾಗಿಸಿ, ವಿದ್ಯುತ್ ಕ್ಷೇತ್ರದಿಂದ ಬೇಕಾದಷ್ಟೇ ಶಕ್ತಿಯನ್ನು ನೀಡುತ್ತಾರೆ. ಶಕ್ತಿ ಅಲ್ಪವಾದರೆ ಅವು ಮೇಲ್ಮೈಯ ಬಳಿಯಲ್ಲೇ ನಿಲ್ಲುತ್ತವೆ, ಹೆಚ್ಚಿಸಿದಂತೆ ಆಳಕ್ಕಿಳಿಯುತ್ತವೆ. ಇದರಿಂದ ಲೋಹಗಳ ಮತ್ತು ಅರೆವಾಹಕಗಳ ದೋಷಗಳನ್ನು ಪದರ ಪದರವಾಗಿ ಪರೀಕ್ಷಿಸುವುದು ಸಾಧ್ಯವಾಗಿದೆ. ಕೋಟಿಗಟ್ಟಲೆ ವೇಗದ ಕಣಗಳಿಂದ ತಿಳಿಯಲಾಗದ ಮೇಲ್ಪದರದ ಗುಟ್ಟನ್ನು ಹತೋಟಿಗೆ ಬಂದ ಕೆಲವೇ ಕಣಗಳು ತಿಳಿಸಿಕೊಟ್ಟವು.