ಉಪವಾಸದ ತಟ್ಟೆಯಲ್ಲಿ ಊರ ಸಾಮಾನು ಎಷ್ಟು?



ಮಧ್ಯಾಹ್ನ ಮೂರರ ನಂತರ ಟೇಬಲುಗಳು ಖಾಲಿಯಾದಾಗ ಗಲ್ಲೆಯ ಬಳಿ ಕುಳಿತು ನಾವು ಆಡುವ ಮಾತು ಯಾವಾಗಲೂ ಒಂದೇ: ಗ್ಯಾಸಿನ ದರ, ಕೆಲಸದವರ ಕೊರತೆ, ಲೈಸೆನ್ಸಿನ ತಾಪತ್ರಯ. ಈ ಸಲ ಬದಲಾವಣೆಗೆಂದು, ನಾವು ದಿನಾ ಕೈಯಾಡಿಸುವ ಸಾಮಾನುಗಳ ಕುರಿತೇ ಕೆಲವು ವಿಚಿತ್ರ ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಹೆಚ್ಚಿನವು ನಗಲಿಕ್ಕೆ. ಒಂದನ್ನು ಮಾತ್ರ ನಕ್ಕು ಬಿಡುವಂತಿಲ್ಲ.

ಆಷಾಢ ಏಕಾದಶಿ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಹೊಟೇಲುಗಳಲ್ಲಿ ಇಡ್ಲಿಗಿಂತ ಸಾಬೂದಾಣಾ ಖಿಚಡಿಗೇ ಗಿರಾಕಿ ಜಾಸ್ತಿ. ಅತ್ಯಂತ ಮಡಿಯ ತಿನಿಸು. ಅದರಲ್ಲಿರುವುದೇನು? ಸಾಬೂದಾಣಾ, ಶೇಂಗಾ, ಬಟಾಟೆ, ಹಸಿಮೆಣಸು. ಈ ನಾಲ್ಕೂ ಅಮೆರಿಕ ಖಂಡದವು! 1492ರಲ್ಲಿ ಕೊಲಂಬಸ್ ಅತ್ತ ಹೋಗುವ ಮೊದಲು ನಮ್ಮ ದೇಶದ ಯಾವ ಭಕ್ತನೂ ಇವನ್ನು ಕಂಡಿರಲಿಲ್ಲ. ಸಾಬೂದಾಣಾ ಎಂದರೆ ಯಾವುದೋ ಮರದ ಬೀಜವೆಂದು ನಮ್ಮಲ್ಲೇ ಹಲವರು ತಿಳಿದಿದ್ದಾರೆ. ಅದು ಮರಗೆಣಸಿನ ಹಿಟ್ಟನ್ನು ಕಾಳು ಮಾಡಿ ಹುರಿದದ್ದು. ಬಹುಪಾಲು ತಮಿಳುನಾಡಿನ ಸೇಲಂ ಕಡೆಯಿಂದ ಬರುತ್ತದೆ. ರಾಜಗಿರದ ಲಾಡು ಮಾಡುತ್ತೇವಲ್ಲ, ಆ ಕಾಳಿನ ಮೂಲವೂ ಅಮೆರಿಕವೇ. ಉಪವಾಸಕ್ಕೆ ಬಳಸುವ ಸೈಂಧವ ಉಪ್ಪು ಹೆಚ್ಚಾಗಿ ಬರುತ್ತಿದ್ದುದು ಪಾಕಿಸ್ತಾನದ ಖ್ಯೂರಾ ಗಣಿಯಿಂದ. 2025ರ ಮೇ ತಿಂಗಳಲ್ಲಿ ನಮ್ಮ ಸರಕಾರ ಆ ದೇಶದ ಆಮದನ್ನೆಲ್ಲ ನಿಲ್ಲಿಸಿತು. ಇನ್ನು ತಟ್ಟೆಯಲ್ಲಿ ಅಪ್ಪಟ ಊರಿನದೆಂದು ಉಳಿಯುವುದು ವರಿ ಅಕ್ಕಿ. ಅದು ನಮ್ಮ ಊದಲು, ಅಂದರೆ ಅಕ್ಕಿ, ರಾಗಿಯ ಹಾಗೆ ಧಾನ್ಯವೇ! ಧಾನ್ಯ ಬಿಟ್ಟವರು ಅದನ್ನು ಹೇಗೆ ತಿನ್ನುತ್ತಾರೆಂದು ಕೇಳುವ ಧೈರ್ಯ ನಮಗಿಲ್ಲ. ವ್ಯಾಪಾರಸ್ಥರಿಗೆ ಅದು ಬೇಡವೂ ಬೇಡ.

ಊರಲ್ಲಿ ನಮ್ಮ ಹಿರಿಯರ ಲೆಕ್ಕ ಬೇರೆ ಇತ್ತು. ಶ್ರಾದ್ಧದ ಅಡುಗೆಗೆ ಬಟಾಟೆ, ಟೊಮೆಟೊ, ಮೆಣಸಿನಕಾಯಿ ಸೇರಿಸದ ಮನೆಗಳು ಇಂದಿಗೂ ಇವೆ. ಖಾರಕ್ಕೆ ಕಾಳುಮೆಣಸು ಸಾಕು. ಮೆಣಸು ನಮ್ಮಲ್ಲಿ ಮೊದಲೇ ಇತ್ತು, ಆಮೇಲೆ ಬಂದ ಹೊಸ ಖಾರಕ್ಕೆ 'ಮೆಣಸಿನಕಾಯಿ' ಎಂದು ಹೆಸರಾಯಿತು. ಬಟಾಟೆ ಎಂಬ ಶಬ್ದವೂ ಪೋರ್ತುಗೀಸರದೇ, ಪಾವ್ ಕೂಡ. ಠಾಣೆ 1737ರವರೆಗೆ, ವಸಾಯಿ 1739ರವರೆಗೆ ಅವರ ಕೈಯಲ್ಲಿತ್ತು. ಹಾಗಾಗಿ ವಡಾಪಾವ್ ಕೊಡುವಾಗ ಒಳಗಿನದ್ದೂ ಹೊರಗಿನದ್ದೂ ಪೋರ್ತುಗೀಸ್ ಹೆಸರೇ.

ಈಗ ನಗದೆ ಓದಬೇಕಾದ ಸಂಗತಿ. ಡೊಂಬಿವಲಿಯ ನಮ್ಮೊಬ್ಬ ಸದಸ್ಯರಲ್ಲಿ ಏಕಾದಶಿಯ ದಿನ ಬಟಾಟೆ ಭಾಜಿಗೆ ಅಡುಗೆಯವನು ಅಭ್ಯಾಸಬಲದಿಂದ ಚಿಟಿಕೆ ಇಂಗು ಹಾಕಿಬಿಟ್ಟ. ಪರಿಮಳ ಹಿಡಿದ ಹಿರಿಯ ಗಿರಾಕಿಯೊಬ್ಬರು ತಟ್ಟೆ ಸರಿಸಿ, "ಶೇಟ್, ಇದರಲ್ಲಿ ಗೋಧಿ ಇದೆ" ಎಂದರು. ನಮ್ಮವರು ವಾದಿಸಿದರು. ಕೊನೆಗೆ ಡಬ್ಬಿ ತರಿಸಿ ಓದಿದರೆ ಗಿರಾಕಿ ಹೇಳಿದ್ದೇ ಸರಿ! ಶುದ್ಧ ಇಂಗು ಒಂದು ಗಿಡದ ಬೇರಿನ ಅಂಟು, ತೀರಾ ಘಾಟು. ಅದನ್ನು ಗೋಂದು ಮತ್ತು ಗೋಧಿ ಹಿಟ್ಟು ಅಥವಾ ಅಕ್ಕಿ ಹಿಟ್ಟಿನೊಂದಿಗೆ ಬೆರೆಸಿ ಮಾರುತ್ತಾರೆ. ಇದೇ ಬಾಂಧಾನಿ ಹಿಂಗ್. ಉಪವಾಸದವರಿಗೆ ವ್ರತಭಂಗ, ಅಷ್ಟೇ. ಆದರೆ ಗೋಧಿ ಒಗ್ಗದ ಕಾಯಿಲೆಯವರಿಗೆ ಚಿಟಿಕೆಯೂ ತೊಂದರೆ ಕೊಡಬಹುದು. ಇಡ್ಲಿಯಲ್ಲಿ ಗೋಧಿಯಿಲ್ಲವೆಂದು ಧೈರ್ಯವಾಗಿ ಹೇಳುತ್ತೇವೆ. ಪಕ್ಕದ ಸಾಂಬಾರನ್ನು ಮರೆಯುತ್ತೇವೆ. ಡಬ್ಬಿಯ ಹಿಂಬದಿ ಓದಿ, ಅಕ್ಕಿ ಹಿಟ್ಟಿನದನ್ನು ಬೇರೆಯೇ ಇಟ್ಟುಕೊಳ್ಳುವುದು ಲೇಸು. ಅಂದಹಾಗೆ, ನಾವು ಇಷ್ಟು ಸುರಿಯುವ ಇಂಗು ನಮ್ಮ ದೇಶದಲ್ಲಿ ಬೆಳೆಯುತ್ತಲೇ ಇರಲಿಲ್ಲ, ಅಫ್ಘಾನಿಸ್ತಾನ, ಇರಾನ್ ಕಡೆಯಿಂದಲೇ ಬರಬೇಕಿತ್ತು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಮೊದಲ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ.

ಇಡ್ಲಿಯ ವಿಷಯಕ್ಕೆ ಬಂದರೆ ನಾವು ಎದೆ ತಟ್ಟಿಕೊಳ್ಳಬಹುದು. ಅದರ ಹಳೆಯ ಉಲ್ಲೇಖ ನಮ್ಮ ಕನ್ನಡದ್ದೇ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಾಡುವ ಕ್ರಮವೂ ಇದೆ: ಉದ್ದು ಮಾತ್ರ, ಅಕ್ಕಿಯ ಸುದ್ದಿಯೇ ಇಲ್ಲ! ಆತನ ರಾಜಧಾನಿ ಕಲ್ಯಾಣ. ಕಲ್ಯಾಣದ ಸದಸ್ಯರು ಅವಸರಪಡಬೇಡಿ, ಅದು ಬೀದರ ಜಿಲ್ಲೆಯ ಬಸವಕಲ್ಯಾಣ, ನಿಮ್ಮ ಜಂಕ್ಷನ್ ಅಲ್ಲ.

ಇಂಥ ಸಂಗತಿಗಳನ್ನು ದಿನಕ್ಕೊಂದರಂತೆ ಗಲ್ಲೆಯ ಪಕ್ಕದ ಹಲಗೆಯಲ್ಲಿ ಬರೆದಿಟ್ಟರೆ ಗಿರಾಕಿಗಳು, ಅದರಲ್ಲೂ ಮಕ್ಕಳು, ಓದುತ್ತಾರೆ. ಆದರೆ ಖಾತ್ರಿಯಿದ್ದದ್ದನ್ನೇ ಬರೆಯಿರಿ. ಸಾಂಬಾರಿಗೆ ಸಂಭಾಜಿಯ ಹೆಸರು ಬಂತೆಂಬ ತಂಜಾವೂರಿನ ಕತೆ ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಕತೆ ಚೆನ್ನಾಗಿದೆ, ಗಟ್ಟಿ ದಾಖಲೆ ಮಾತ್ರ ಇಲ್ಲ. ಠಾಣೆಯಲ್ಲಿ ಇತಿಹಾಸ ಬಲ್ಲ ಗಿರಾಕಿಗಳಿಗೆ ಕೊರತೆಯಿಲ್ಲ. ಹಲಗೆ ಒರೆಸಲು ಹೇಳಿದರೆ ಕಷ್ಟ.