ಹಳೆಯ ಕಾರಿನ ಗೇರ್‌ಬಾಕ್ಸಿಗೆ ತಕ್ಕ ಎಣ್ಣೆ

ಎಂಜಿನ್ ಎಣ್ಣೆಯನ್ನು ನಿಯತಕಾಲಕ್ಕೆ ತಪ್ಪದೆ ಬದಲಾಯಿಸುವ, ಟೈರುಗಳ ಗಾಳಿಯನ್ನು ಆಗಾಗ ಪರೀಕ್ಷಿಸುವ ಶ್ರದ್ಧಾವಂತರಾದ ಒಡೆಯರು ಕೂಡ ಗೇರ್‌ಬಾಕ್ಸಿನ ಎಣ್ಣೆಯ ವಿಚಾರ ಬಂದಾಗ ಅದನ್ನು ಸಂಪೂರ್ಣವಾಗಿ ಮೇಸ್ತ್ರಿಯ ವಿವೇಚನೆಗೆ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಾಗಲಿ “ಎರಡು ಲೀಟರ್ ನೈಂಟಿ ಆಯಿಲ್ ಕೊಡಿ” ಎಂದರೆ ಸಾಕು, ಡಬ್ಬಿ ಕೈಗೆ ಬರುತ್ತದೆ. ಆದರೆ ಆ ತೊಂಬತ್ತು ಎಂಬ ಅಂಕೆಯು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅದರೊಳಗೆ ಬೆರೆಸಿದ ರಾಸಾಯನಿಕಗಳ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ದುಡಿದ ಗೇರ್‌ಬಾಕ್ಸಿನ ಆಯುಸ್ಸು ಬಹುಮಟ್ಟಿಗೆ ನಿಂತಿರುವುದು ಹೀಗೆ ಹೇಳದೆ ಉಳಿದ ಸಂಗತಿಯ ಮೇಲೆಯೇ.

ಇದರ ಕಾರಣವನ್ನು ಅರಿಯಬೇಕಾದರೆ ಪೆಟ್ಟಿಗೆಯೊಳಗಿನ ಒಂದು ಸಣ್ಣ ಭಾಗವನ್ನು ಕೈಯಲ್ಲಿ ಹಿಡಿದು ನೋಡಬೇಕು. ಸಿಂಕ್ರೊನೈಸರ್ ರಿಂಗು ಎಂದು ಹೆಸರಾದ ಅದು ಹಿತ್ತಾಳೆಯದೊಂದು ಬಳೆ. ಹೊರ ಅಂಚಿನಲ್ಲಿ ಸಾಲಾದ ಮೊನಚು ಹಲ್ಲುಗಳು, ಶಂಕುವಿನಾಕಾರದ ಒಳಮೈ, ಆ ಒಳಮೈಯ ತುಂಬ ಉಗುರಾಡಿಸಿದರೆ ಮಾತ್ರ ತಗಲುವಷ್ಟು ನವಿರಾದ ಗೀರುಗಳು. ಚಾಲಕನು ಗೇರು ಬದಲಿಸುವಾಗ ಈ ಬಳೆಯು ಬೇರೊಂದು ವೇಗದಲ್ಲಿ ತಿರುಗುತ್ತಿರುವ ಉಕ್ಕಿನ ಶಂಕುವಿಗೆ ಒತ್ತಿಕೊಂಡು, ನಡುವಣ ಎಣ್ಣೆಯನ್ನು ಆ ಗೀರುಗಳ ಮೂಲಕ ಹೊರದೂಡಿ, ಘರ್ಷಣೆಯ ಬಲದಿಂದ ಎರಡರ ವೇಗವನ್ನೂ ಸಮಗೊಳಿಸಿದ ಬಳಿಕವೇ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಗೇರಿನ ಹಲ್ಲುಗಳಿಗೆ ಜಾರಿಕೆ ಬೇಕು, ಈ ಬಳೆಗೆ ಹಿಡಿತ ಬೇಕು. ಪರಸ್ಪರ ವಿರುದ್ಧವಾದ ಈ ಎರಡು ಅಪೇಕ್ಷೆಗಳನ್ನೂ ಒಂದೇ ಎಣ್ಣೆಯು ಪೂರೈಸಬೇಕಾಗಿದೆ.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಗೇರ್ ಎಣ್ಣೆಗಳಿಗೆ ಕಲ್ಪಿಸಿರುವ ಶ್ರೇಣಿಗಳಲ್ಲಿ ನಮಗೆ ಮುಖ್ಯವಾದವು ಜಿಎಲ್-4 ಮತ್ತು ಜಿಎಲ್-5. ಹಿಂದಿನ ಚಕ್ರಗಳಿಂದ ಓಡುವ ಕಾರುಗಳ ಹಿಂಬದಿಯ ಹೌಸಿಂಗಿನಲ್ಲಿ ಇರುವ ಹೈಪಾಯ್ಡ್ ಜಾತಿಯ ಕ್ರೌನ್ ಮತ್ತು ಪಿನಿಯನ್‌ಗಳು ವಿಪರೀತ ಒತ್ತಡದಲ್ಲಿ ಒಂದರ ಮೇಲೊಂದು ಉಜ್ಜಿಕೊಂಡು ಸರಿಯುವುದರಿಂದ ಅಲ್ಲಿ ಬರಿಯ ಎಣ್ಣೆಯ ಪೊರೆ ನಿಲ್ಲಲಾರದು; ಆದಕಾರಣ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿ, ಅವು ಆ ಬಿಸಿಯಲ್ಲಿ ಉಕ್ಕಿನೊಡನೆ ಕೂಡಿ ರಕ್ಷಕವಾದ ಲೇಪವಾಗುವಂತೆ ಮಾಡಿರುತ್ತಾರೆ. ಜಿಎಲ್-5ರಲ್ಲಿ ಈ ದ್ರವ್ಯಗಳು ಜಿಎಲ್-4ಕ್ಕಿಂತ ಸಾಮಾನ್ಯವಾಗಿ ಎರಡರಷ್ಟು ಇರುತ್ತವೆ. ಕ್ರೌನಿಗೆ ಇದು ಪ್ರಾಣರಕ್ಷಣೆಯಾದರೂ ಹಿತ್ತಾಳೆಯ ಬಳೆಗೆ ಹಾನಿಕರ. ಗಂಧಕವು ಬಿಸಿಯೇರಿದಂತೆಲ್ಲ ಹಿತ್ತಾಳೆಯಲ್ಲಿರುವ ತಾಮ್ರವನ್ನು ಹಿಡಿಯುತ್ತದೆ, ಹಾಗೆ ಹಿಡಿದ ಲೇಪವು ಉಜ್ಜಿಹೋಗುವಾಗ ಲೋಹದ ಸೂಕ್ಷ್ಮವಾದ ಪದರವೊಂದನ್ನೂ ತನ್ನೊಡನೆ ಎಬ್ಬಿಸಿಕೊಂಡು ಹೋಗುತ್ತದೆ. ಇತ್ತೀಚಿನ ಅನೇಕ ಜಿಎಲ್-5 ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ದ್ರವ್ಯಗಳೂ ಸೇರಿವೆಯೆಂಬುದು ನಿಜ. ಆದರೂ ಅತಿಯಾದ ಜಾರಿಕೆಯಿಂದ ಬಳೆಯು ಹಿಡಿತ ತಪ್ಪಿ ಗೇರು ಕರಕರ ಎನ್ನುವ ತೊಂದರೆ ಅದರಿಂದ ನಿವಾರಣೆಯಾಗುವುದಿಲ್ಲ. ಐದು ನಾಲ್ಕಕ್ಕಿಂತ ದೊಡ್ಡದೆಂಬ ಕಾರಣಕ್ಕೆ ಜಿಎಲ್-5 ಮೇಲ್ದರ್ಜೆಯದೆಂದು ಭಾವಿಸಿ ಹೆಚ್ಚು ಹಣ ತೆತ್ತು ಹಾಕಿಸುವವರನ್ನು ಕಂಡಾಗ ನಿಜವಾಗಿಯೂ ಮನಸ್ಸಿಗೆ ಖೇದವಾಗುತ್ತದೆ, ಏಕೆಂದರೆ ಅವರು ವಾಹನದ ಮೇಲಣ ಮಮತೆಯಿಂದಲೇ ಹಾಗೆ ಮಾಡುತ್ತಾರೆ.

ಆದುದರಿಂದ ಮಾಡಬೇಕಾದ ಮೊದಲನೆಯ ಕೆಲಸ, ನಿಮ್ಮ ಗೇರ್‌ಬಾಕ್ಸು ಯಾವುದೆಂದು ನಿಶ್ಚಯಿಸಿಕೊಳ್ಳುವುದು. ಬಾನೆಟ್ಟಿನ ಮೇಲಿನ ಹೆಸರನ್ನು ನಂಬಿ ಕೂರಬಾರದು. ಅಂಬಾಸಡರ್ ಎಂಬ ಒಂದೇ ಹೆಸರಿನ ಕೆಳಗೆ, ಸ್ಟಿಯರಿಂಗ್ ಕಂಬದ ಪಕ್ಕದಲ್ಲಿ ಗೇರುಹಿಡಿಯಿದ್ದ ನಾಲ್ಕು ಗೇರಿನ ಪೆಟ್ಟಿಗೆಯೂ ಬಂದಿದೆ, ಇಸುಜು ಎಂಜಿನ್ನಿನ ಜೊತೆಗೆ ಬಂದ ಐದು ಗೇರಿನ ಪೆಟ್ಟಿಗೆಯೂ ಬಂದಿದೆ. ಹಳೆಯ ಜೀಪುಗಳಲ್ಲಂತೂ ಎಂಜಿನ್ನು ಗೇರ್‌ಬಾಕ್ಸುಗಳೆರಡೂ ಒಡೆಯರು ಬದಲಾದಂತೆ ಬದಲಾಗಿರುವುದುಂಟು. ಕಾರಿನೊಡನೆ ಬಂದ ಕೈಪಿಡಿಯಿದ್ದರೆ ಅದರ ಕೊನೆಯ ಪುಟಗಳಲ್ಲಿ ಎಣ್ಣೆಗಳ ಕೋಷ್ಟಕವಿರುತ್ತದೆ. ಇಲ್ಲವಾದರೆ ಪೆಟ್ಟಿಗೆಯ ಮೈಮೇಲಿನ ಮಣ್ಣುಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ, ಎರಕದಲ್ಲಿ ಮೂಡಿಸಿದ ಅಥವಾ ತಗಡಿನಲ್ಲಿ ಕೊರೆದ ಸಂಖ್ಯೆಯನ್ನು ಬರೆದುಕೊಂಡು, ಆ ಸಂಖ್ಯೆಯ ಆಧಾರದಿಂದ ವಿಚಾರಿಸತಕ್ಕದ್ದು.

ಅನಂತರ ನೋಡಬೇಕಾದುದು, ಡಿಫರೆನ್ಷಿಯಲ್ ಎಲ್ಲಿದೆ ಎಂಬುದನ್ನು. ಅಂಬಾಸಡರ್, ಪದ್ಮಿನಿ, ಜೀಪು ಮೊದಲಾದವುಗಳಲ್ಲಿ ಅದು ಹಿಂದಿನ ಹೌಸಿಂಗಿನಲ್ಲಿ ಪ್ರತ್ಯೇಕವಾಗಿರುವುದರಿಂದ ಎಣ್ಣೆಯೂ ಎರಡು ಬಗೆಯದಾಗಬೇಕು. ಹೈಪಾಯ್ಡ್ ಗೇರುಗಳ ಹೌಸಿಂಗಿಗೆ ಜಿಎಲ್-5, ಹಿತ್ತಾಳೆಯ ಬಳೆಗಳ ಗೇರ್‌ಬಾಕ್ಸಿಗೆ ಜಿಎಲ್-4. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯುವ ಅಭ್ಯಾಸವನ್ನು ಮೇಸ್ತ್ರಿಗೆ ವಿನಯದಿಂದ ಹೇಳಿ ತಪ್ಪಿಸಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಮತ್ತು ಅದರ ಹಾದಿಯಲ್ಲಿ ಬಂದ ಮುಂಚಕ್ರದ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸು ಮತ್ತು ಡಿಫರೆನ್ಷಿಯಲ್ ಒಂದೇ ಕವಚದೊಳಗಿದ್ದು ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತವೆ. ಎಂಜಿನ್ನು ಅಡ್ಡಲಾಗಿ ಕೂತಿರುವುದರಿಂದ ಅಲ್ಲಿ ಹೈಪಾಯ್ಡ್ ಗೇರಿನ ಅಗತ್ಯವೇ ಇಲ್ಲದೆ ಸಾಮಾನ್ಯವಾದ ಓರೆಹಲ್ಲಿನ ಗೇರುಗಳೇ ಇರುತ್ತವೆ. ಆದಕಾರಣ ಅವಕ್ಕೆ ಜಿಎಲ್-4 ಧಾರಾಳವಾಗಿ ಸಾಲುತ್ತದೆ. ಡಬ್ಬಿಯ ಮೇಲೆ ಜಿಎಲ್-4 ಮತ್ತು ಜಿಎಲ್-5 ಎರಡನ್ನೂ ಮುದ್ರಿಸಿದ್ದರೆ, ಅದು ಹಿತ್ತಾಳೆಯ ಬಳೆಗಳಿಗೆ ಸುರಕ್ಷಿತವೆಂದು ತಯಾರಕರು ಸ್ಪಷ್ಟವಾಗಿ ಬರೆದಿರದ ಪಕ್ಷದಲ್ಲಿ, ಬರಿಯ ಜಿಎಲ್-4 ದೊರೆಯುವವರೆಗೂ ಕಾಯುವುದು ಲೇಸೆಂಬುದು ನನ್ನ ಅಭಿಪ್ರಾಯ.

ಇನ್ನು ಸ್ನಿಗ್ಧತೆಯ ಮಾತು. ಗೇರ್ ಎಣ್ಣೆಯ ಅಂಕೆಗಳಿಗೂ ಎಂಜಿನ್ ಎಣ್ಣೆಯ ಅಂಕೆಗಳಿಗೂ ಅಳತೆಗೋಲು ಬೇರೆ. ಗೇರಿನ 90 ಸುಮಾರಾಗಿ ಎಂಜಿನ್ನಿನ 40 ಅಥವಾ 50ರಷ್ಟೇ ಮಂದವಾದುದು. 2005ಕ್ಕೆ ಮೊದಲು 90 ಎಂಬ ಹೆಸರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 24 ಸೆಂಟಿಸ್ಟೋಕ್‌ವರೆಗಿನ ವಿಶಾಲವಾದ ವ್ಯಾಪ್ತಿಯನ್ನು ಒಳಗೊಂಡಿತ್ತು. ಆ ವರ್ಷದ ಪರಿಷ್ಕರಣೆಯಲ್ಲಿ 18.5ರ ಕೆಳಗಿನದನ್ನು ಮಾತ್ರ 90 ಎಂದು ಉಳಿಸಿ, ಅದರ ಮೇಲಿನ ಭಾಗಕ್ಕೆ 110 ಎಂಬ ಹೊಸ ಹೆಸರನ್ನು ಕೊಟ್ಟರು. ಹಳೆಯ ಕೈಪಿಡಿಯ 90 ಇಂದಿನ 90ಕ್ಕಿಂತ ಮಂದವಾಗಿದ್ದಿರಲೂಬಹುದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಸವೆದ ಪೆಟ್ಟಿಗೆಯು ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ಹೆಚ್ಚು ಸದ್ದು ಮಾಡತೊಡಗಿದಾಗ ಅದೇ ಜಿಎಲ್-4ರಲ್ಲಿ ತುಸು ಮಂದವಾದುದನ್ನು ಆರಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಡಬ್ಲ್ಯೂ ಅಕ್ಷರದ ಹಿಂದಿನ 75 ಅಥವಾ 80 ಕೊರೆಯುವ ಚಳಿಗೆ ಸಂಬಂಧಪಟ್ಟುದು. 80ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದೇ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ. ಮಡಿಕೇರಿಯ ಮಾಗಿಯಲ್ಲಿಯೂ ನಮಗೆ ಅದರ ಚಿಂತೆಯಿಲ್ಲ. ಸದ್ದನ್ನು ಅಡಗಿಸಲೆಂದು 140ನ್ನು ತುಂಬುವುದು ಮಾತ್ರ ಕೂಡದು; ಮುಂಜಾನೆಯ ತಂಪಿನಲ್ಲಿ ಆ ಎಣ್ಣೆ ಬಳೆಯ ಗೀರುಗಳಿಂದ ಬೇಗ ಹೊರಸರಿಯದೆ ಎರಡನೆಯ ಗೇರು ಬೀಳುವುದೇ ಕಷ್ಟವಾಗುತ್ತದೆ.

ಈ ನಿಯಮಗಳಿಗೆ ಅಪವಾದಗಳೂ ಉಂಟು. 1959ರಲ್ಲಿ ಬಂದ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಗೇರ್‌ಬಾಕ್ಸು ಎಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಎಂಜಿಬಿ ಕಾರಿನ ಗೇರ್‌ಬಾಕ್ಸಿಗೆ ತಯಾರಕರು ವಿಧಿಸಿದ್ದು ಎಂಜಿನ್ ಎಣ್ಣೆಯನ್ನೇ. 1990ರ ದಶಕದ ಹೋಂಡಾ ಕಾರುಗಳ ಕೈಪಿಡಿಗಳೂ ಎಂಜಿನ್ ಎಣ್ಣೆಗೆ ಅವಕಾಶ ಕೊಟ್ಟಿವೆ. ಇಂತಹವಕ್ಕೆ ತೊಂಬತ್ತರ ಎಣ್ಣೆ ಎರೆದರೆ ಕೆಟ್ಟಿತೆಂದೇ ತಿಳಿಯಬೇಕು. ಇಲ್ಲಿ ಕೈಪಿಡಿಯ ಮಾತೇ ಅಂತಿಮ.

ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಣ್ಣೆಯು ಕೀಲೆಣ್ಣೆ ಮಾತ್ರವಲ್ಲ, ಎಂಜಿನ್ನಿನ ಬಲವನ್ನು ದಾಟಿಸುವ, ಒಳಗಿನ ಕ್ಲಚ್ಚುಗಳನ್ನು ಒತ್ತಿಹಿಡಿಯುವ ದ್ರವವೂ ಹೌದು. ಆದುದರಿಂದ ಅಲ್ಲಿ ತಪ್ಪಿಗೆ ಎಡೆ ಇನ್ನೂ ಕಡಿಮೆ. ಜನರಲ್ ಮೋಟಾರ್ಸ್ ಸಂಸ್ಥೆಯು 1949ರಲ್ಲಿ ಟೈಪ್-ಎ ಎಂಬುದನ್ನೂ, 1960ರ ದಶಕದ ಕೊನೆಯಲ್ಲಿ ಡೆಕ್ಸ್‌ರಾನ್ ಎಂಬುದನ್ನೂ ಹೊರತಂದಿತು. ಆ ಮೊದಲ ದ್ರವಗಳಲ್ಲಿ ಘರ್ಷಣೆಯನ್ನು ಹದಗೊಳಿಸಲು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರೆಂಬುದನ್ನೂ, 1973ರಲ್ಲಿ ಅಳಿವಿನಂಚಿನ ಜೀವಿಗಳ ರಕ್ಷಣೆಗಾಗಿ ಅಮೆರಿಕದಲ್ಲಿ ಕಾಯಿದೆಯಾದ ಮೇಲೆ ಅದನ್ನು ಕೈಬಿಟ್ಟರೆಂಬುದನ್ನೂ ಇಲ್ಲಿ ಸ್ಮರಿಸಬಹುದು. ಹೆಸರು ಅದೇ ಉಳಿದರೂ ಒಳಗಿನ ವಸ್ತು ಬದಲಾಗುತ್ತ ಬಂದಿದೆ. 2005ರ ಡೆಕ್ಸ್‌ರಾನ್-6 ತನ್ನ ಹಿಂದಿನವುಗಳ ಸ್ಥಾನದಲ್ಲಿ ಬಳಸತಕ್ಕದ್ದೆಂದು ಆ ಸಂಸ್ಥೆ ಹೇಳಿದ್ದರೂ ಅದು ಹಿಂದಿನದಕ್ಕಿಂತ ತೆಳುವಾದುದು. ಡೆಕ್ಸ್‌ರಾನ್-3ಕ್ಕೆ ಪರವಾನಗಿ ಕೊಡುವುದು 2006ಕ್ಕೆ ನಿಂತುಹೋದುದರಿಂದ ಇಂದು ಡಬ್ಬಿಯ ಮೇಲೆ ಕಾಣುವ ಆ ಹೆಸರಿಗೆ ಎಣ್ಣೆ ತಯಾರಿಸಿದವರ ಮಾತೇ ಪ್ರಮಾಣ. ಫೋರ್ಡ್ ಸಂಸ್ಥೆಯ ಹಳೆಯ ಟೈಪ್-ಎಫ್‌ನಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯವೇ ಇಲ್ಲದಿರುವುದರಿಂದ ಅದನ್ನೂ ಡೆಕ್ಸ್‌ರಾನ್‌ಅನ್ನೂ ಅದಲುಬದಲು ಮಾಡುವಂತಿಲ್ಲ. ಒಂದು ಕಡೆ ಗೇರು ಧಡಕ್ಕನೆ ಬೀಳುತ್ತದೆ, ಮತ್ತೊಂದು ಕಡೆ ಕ್ಲಚ್ಚು ಜಾರುತ್ತದೆ. ಎಲ್ಲಕ್ಕೂ ಕೆಂಪು ಬಣ್ಣವಿರುವುದು ಉಂಟು. ಆದರೆ ಬಣ್ಣವನ್ನು ನೋಡಿ ಜಾತಿಯನ್ನು ನಿರ್ಣಯಿಸಲಾಗದು. ಬೆಲ್ಟಿನಿಂದ ನಡೆಯುವ ಸಿವಿಟಿಗೆ ಅದಕ್ಕೆಂದೇ ತಯಾರಿಸಿದ ದ್ರವವಲ್ಲದೆ ಬೇರಾವುದೂ ಸಲ್ಲದು.

ಎಣ್ಣೆಯನ್ನು ನಿರ್ಣಯಿಸಿದ ಮೇಲೆ ಬದಲಾಯಿಸುವ ಕ್ರಮ. ಕಾರನ್ನು ಏಳೆಂಟು ಕಿಲೋಮೀಟರ್ ಓಡಿಸಿ ಎಣ್ಣೆಯನ್ನು ಬೆಚ್ಚಗಾಗಿಸಿ, ಸಮತಟ್ಟಾದ ನೆಲದಲ್ಲಿ ಭದ್ರವಾಗಿ ನಿಲ್ಲಿಸಬೇಕು. ಮೊದಲು ಬಿಚ್ಚತಕ್ಕದ್ದು ಎಣ್ಣೆ ತುಂಬುವ ಮೇಲಿನ ಬೋಲ್ಟನ್ನು. ಅದು ತುಕ್ಕುಹಿಡಿದು ಬಿಚ್ಚಲಾಗದಿದ್ದರೆ, ಕೆಳಗಿನ ಡ್ರೈನ್ ಬೋಲ್ಟು ತೆಗೆದು ಎಣ್ಣೆಯನ್ನೆಲ್ಲ ಚೆಲ್ಲಿದ ಬಳಿಕ ಕಾರನ್ನು ಅಲ್ಲಿಂದ ಕದಲಿಸುವ ಉಪಾಯವಿರುವುದಿಲ್ಲ. ಇಳಿದ ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಸ್ವಲ್ಪ ಹಿಡಿದು ಬಿಸಿಲಿನಲ್ಲಿ ಓರೆಮಾಡಿ ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಬೂದುಬಣ್ಣದ ನುಣುಪು ಕೆಸರು ಉಕ್ಕಿನ ಸಹಜ ಸವೆತ. ಅಯಸ್ಕಾಂತಕ್ಕೆ ಅಂಟದೆ ಎಣ್ಣೆಯಲ್ಲಿಯೇ ತೇಲುತ್ತ ಹೊಂಬಣ್ಣವಾಗಿ ಮಿನುಗುವ ಕಣಗಳು ಆ ಹಿತ್ತಾಳೆಯ ಬಳೆಯವು. ಅವು ಹೇರಳವಾಗಿದ್ದರೆ ಈವರೆಗೆ ಹಾಕಿದ್ದ ಎಣ್ಣೆ ಯಾವುದೆಂದು ವಿಚಾರಿಸಲೇಬೇಕು. ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದು, ಮೇಲಿನ ರಂಧ್ರದ ಅಂಚಿನಿಂದ ಎಣ್ಣೆ ಹೊರಸೂಸುವವರೆಗೆ ತುಂಬಿ, ಹೆಚ್ಚಾದುದು ತಾನಾಗಿ ಇಳಿದ ಮೇಲೆ ಮುಚ್ಚಬೇಕು.

ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಒಮ್ಮೆ ಇಳಿಸಿದರೆ ಅರ್ಧದಷ್ಟೂ ಹೊರಬರದೆ ಉಳಿದುದು ಟಾರ್ಕ್ ಕನ್ವರ್ಟರ್‌ನಲ್ಲಿಯೇ ನಿಲ್ಲುವುದರಿಂದ, ಯಂತ್ರದ ಒತ್ತಡದಿಂದ ತೊಳೆಸುವುದಕ್ಕಿಂತ ಕೆಲವು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಇಳಿಸಿ ತುಂಬುವುದು ಹಳೆಯ ಕಾರಿಗೆ ಹಿತವಾದ ಮಾರ್ಗ. ಅಳತೆಕಡ್ಡಿಯಲ್ಲಿ ಮಟ್ಟವನ್ನು ಬಹುತೇಕ ಕಾರುಗಳಲ್ಲಿ ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೂ, ಹೋಂಡಾದ ಹಲವು ಹಳೆಯ ಕಾರುಗಳಲ್ಲಿ ಅದನ್ನು ನಿಲ್ಲಿಸಿದ ತುಸು ಹೊತ್ತಿನಲ್ಲಿಯೂ ನೋಡಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದು, ಗೇರು ಈಗಾಗಲೇ ಜಾರುತ್ತಿದ್ದರೆ ಕ್ಲಚ್ಚಿನ ಪಟ್ಟಿಗಳು ಸವೆದಿವೆ. ಹೊಸ ಎಣ್ಣೆಯಿಂದ ಅವು ಮರಳಿ ಬರಲಾರವು.

ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ತೋಟದ ಬೇಲಿಯ ಬುಡಕ್ಕಾಗಲಿ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಖಾಲಿಯಾದ ಡಬ್ಬಿಯಲ್ಲಿಯೇ ತುಂಬಿಟ್ಟು, ಅಧಿಕೃತ ಸಂಸ್ಕರಣಕಾರರಿಗೆ ಎಣ್ಣೆಯನ್ನು ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಟ್ಟುಬಿಡುವುದು ಸರಿ. ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಕಾರಿನ ಕೆಳಗೆ ಬಗ್ಗಿ ಎರಡು ಬೋಲ್ಟುಗಳ ಸುತ್ತಲೂ ಒದ್ದೆಯಾಗಿದೆಯೇ ಎಂದು ನೋಡಿ. ಹಾಕಿದ ಎಣ್ಣೆಯ ಹೆಸರು, ಜಿಎಲ್ ಶ್ರೇಣಿ, ಸ್ನಿಗ್ಧತೆಯ ಅಂಕೆ ಮತ್ತು ಅಂದಿನ ಓಡೋಮೀಟರ್ ಸಂಖ್ಯೆಯನ್ನು ಕೈಪಿಡಿಯ ಒಳರಟ್ಟಿನ ಮೇಲೆ ಶಾಯಿಯಿಂದ ಬರೆದಿಟ್ಟುಕೊಳ್ಳಿ.